ಅಂಬಾಡಿ ಬೆಳ್ಚಪ್ಪಾಡರ ಎಡಗಾಲು

ಸುಗ್ಗಿ ಕೊಯ್ದ ಮೇಲೆ ಬಂದ್ಯೋಡಿನ ಗದ್ದೆಗೆ
ಹದಿನೈದು ದಿನ ಬೇರೆಯೇ ಹೆಸರು: ಸ್ಟೇಡಿಯಂ.
ಸುತ್ತ ಮಡಲಿನ ತಡಿಕೆ, ನಾಲ್ಕು ಮೂಲೆಗೆ ಟ್ಯೂಬ್‌ಲೈಟು,
ಹುಳಗಳಿಗೆ ಮಾತ್ರ ಟಿಕೆಟ್ ಇಲ್ಲ.
ಜೀಪಿನ ಮೈಕು ಮಧ್ಯಾಹ್ನದಿಂದ ಕೂಗುತ್ತಿತ್ತು,
ಇಂದು ರಾತ್ರಿ ಅಂಬಾಡಿ ಇಳಿಯುತ್ತಾರೆ ಎಂದು,
ಬಾವಿಗೆ ಇಳಿಯುವವರ ಹಾಗೆ.

ಹಗಲಿಗೆ ಅವರು ಬೀಡಿ ಬ್ರಾಂಚಿನವರು.
ಚಾಪೆಯ ಮೇಲೆ ಕೂತು ಕಟ್ಟು ಎಣಿಸುವಾಗ
ಬಲಗಾಲು ಸುಮ್ಮನಿರುತ್ತಿತ್ತು,
ಎಡಗಾಲು ಕತ್ತರಿಯ ಸದ್ದಿಗೆ ಗಾಳಿ ಒದೆಯುತ್ತಿತ್ತು.
ಆಟಕ್ಕೆ ನಲವತ್ತು ರೂಪಾಯಿ, ಪರೋಟ, ಮೊಟ್ಟೆಸಾರು.
ಗೆದ್ದರೆ ಅಲ್ಯುಮಿನಿಯಂ ಕೊಡಪಾನ.
ಅವರ ಮನೆಯಲ್ಲಿ ಹನ್ನೊಂದು ಕೊಡಪಾನ ಇತ್ತು,
ಬಾವಿ ಇರಲಿಲ್ಲ.

ಕಣ್ಣೂರಿನ ಮಿಲ್ಲಿನವರು ಒಮ್ಮೆ ಕಾಗದ ಹಾಕಿ ಕರೆಸಿದ್ದುಂಟು.
ಹನ್ನೊಂದು ಜನರ ಆಟ, ಬೂಟು, ತಿಂಗಳ ಸಂಬಳ.
ಎಂಟನೆಯ ದಿನ ಲೋಕಲ್ ರೈಲಲ್ಲಿ ವಾಪಸು:
"ಎಂತ ಮೈದಾನ ಮಾರಾಯ,
ಚೆಂಡು ಬರುವಷ್ಟರಲ್ಲಿ ಒಂದು ಬೀಡಿ ಮುಗೀತದೆ."

ತೊಂಬತ್ತೊಂದರಲ್ಲಿ, ಪೈವಳಿಕೆಯವರ ಮೇಲಿನ ಫೈನಲ್ಲಿನಲ್ಲಿ
ಅಂದುಂಞಿ ಅಡ್ಡ ಬಂದ.
ಮಂಡಿ ಒಣಮಡಲು ಮುರಿದ ಹಾಗೆ ಸದ್ದು ಮಾಡಿತಂತೆ,
ಗ್ಯಾಲರಿಯ ಕೊನೆಗೂ ಕೇಳಿತಂತೆ.
ನನಗೆ ಕೇಳಲಿಲ್ಲ. ಕಡಲೆ ತರಲು ಹೋಗಿದ್ದೆ.
ಆಮೇಲೆ ಪ್ರತಿ ಶುಕ್ರವಾರ ಆಸ್ಪತ್ರೆಗೆ
ಬೂತಾಯಿ ಸಾರು ಹೊತ್ತು ತಂದವನೂ ಅಂದುಂಞಿಯೇ.

ಮರುವರ್ಷ ಅವರ ಕೊರಳಿಗೆ ಸೀಟಿ ಬಂತು.
ಇಪ್ಪತ್ತಾರು ಮಕ್ಕಳು, ಒಂದು ಚೆಂಡು,
ಅದಕ್ಕೂ ಸೈಕಲ್ ಟ್ಯೂಬಿನ ತೇಪೆ.
ಪಾಸು ಕೇಳಲು ಮಲಯಾಳ, ಬೈಯಲು ತುಳು,
ಸುತ್ತು ಎಣಿಸುವುದು ಮಾತ್ರ ಕನ್ನಡದಲ್ಲಿ,
ಮಗ್ಗಿ ಕಲಿತದ್ದು ಆ ಶಾಲೆಯಲ್ಲಲ್ಲವೇ.

ನಾನು ಮೂರನೆಯ ಗೋಲಿ,
ಅಂದರೆ ನೀರಿನ ಬಕೆಟ್ಟು ಕಾಯುವವ.
ಉಪ್ಪಳದವರ ಮೇಲೆ ಸೆಮಿಫೈನಲ್ ದಿನ
ಮೊದಲನೆಯವನ ಅಕ್ಕನ ಮದುವೆ,
ಎರಡನೆಯವನಿಗೆ ಕೋಟಲೆ.
ಆಟ ಸಮ. ಪೆನಾಲ್ಟಿ.
ಕುಂಟಿಕೊಂಡು ಬಂದು ಕಿವಿಯಲ್ಲಿ ಹೇಳಿದರು:
"ಅವನ ಕಣ್ಣು ನೋಡಬೇಡ. ಕಣ್ಣು ಸುಳ್ಳು ಕಲಿತಿರ್ತದೆ.
ಊರಿದ ಕಾಲಿನ ಹೆಬ್ಬೆರಳು ನೋಡು,
ಅದು ಎತ್ತ ತಿರುಗ್ತದೋ, ಚೆಂಡು ಅತ್ತ."

ನೋಡಿದೆ.
ಹೆಬ್ಬೆರಳಿನ ಉಗುರು ನೀಲಿಗಟ್ಟಿತ್ತು,
ಅರ್ಧ ಎದ್ದಿತ್ತು, ಬದಿಯಲ್ಲಿ ಕೆಸರು, ಕೀವು.
ಪಾಪ, ಹೇಗೆ ಓಡಿದನೋ ಇಷ್ಟು ಹೊತ್ತು ಅನಿಸಿತು.
ಅನಿಸಿ ಮುಗಿಯುವಷ್ಟರಲ್ಲಿ
ಚೆಂಡು ನನ್ನ ಹಿಂದೆ ಬಲೆ ಅಲ್ಲಾಡಿಸುತ್ತಿತ್ತು.

ಬೈಯಲಿಲ್ಲ. "ಎಂತ ಕಂಡಿತು?" ಕೇಳಿದರು.
ಉಗುರು, ಎಂದೆ.
ತುಂಬ ಹೊತ್ತು ನಕ್ಕರು.
"ನೋಡಿದ್ದು ಸರಿಯೇ," ಎಂದರು,
ಮುಂದಿನ ವರ್ಷ ಪುನಃ ಬಕೆಟ್ಟು ಕೊಟ್ಟರು.

ಈಗ ಗದ್ದೆಯ ಮೇಲೆ ಆರು ಪಥದ ಹೈವೇ.
ನನ್ನ ಬೇಕರಿ ವ್ಯಾನು ಅದರಡಿಯಲ್ಲಿ ಹಾಯುವಾಗ
ಕಂಬಗಳ ನಡುವೆ ಒಂಬತ್ತು ಹುಡುಗಿಯರು,
ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಅವರು,
ಒದೆಯುತ್ತಲೇ ಇರುವ ಎಡಗಾಲು.
ಮೊನ್ನೆ ಚೆಂಡು ಉರುಳಿ ವ್ಯಾನಿನ ಟಯರಿಗೆ ಬಂತು.
ಇಳಿದೆ, ಕಾಲಲ್ಲಿ ತಡೆದೆ, ದೊಡ್ಡ ಆಟಗಾರನ ಹಾಗೆ.
ಮೂವತ್ತು ವರ್ಷವಾಗಿದೆ, ಗಡ್ಡ ನೆರೆತಿದೆ,
ಗುರುತು ಸಿಗಲಿಕ್ಕಿಲ್ಲ ಎಂದುಕೊಂಡೆ.

"ಕೈಟ್ ಪತ್ತ್‌ಲಾ! ಈ ಗೋಲಿ ಅತ್ತಾ?"

ಬೈಗುಳದ ಭಾಷೆ.
ಬಗ್ಗಿ, ಕೈಯಿಂದ ಹಿಡಿದೆ.