ಎರಡು ಸೆಕೆಂಡು

ಬಟಾಣಿ ಬೀದಿಯ ಮರದ ಮನೆ.
ಈ ಪೇಟೆಯ ಬೀದಿಗಳಿಗೆಲ್ಲ ತರಕಾರಿಯ ಹೆಸರು:
ಆಚೆ ಬೀನ್ಸು, ಈಚೆ ಆಲೂಗಡ್ಡೆ.
ತಾರ್ತುವಿನ ಜನ ಇದನ್ನು ಸೂಪಿನೂರು ಅನ್ನುತ್ತಾರೆ.
ನದಿ ಗಟ್ಟಿಯಾಗಿ ಹನ್ನೊಂದು ದಿನ.
ಒಲೆಗೆ ಎರಡು ಬರ್ಚ್ ಕೊರಡು ತಳ್ಳಿ
ಓದಲು ಕೂತೆ, ಏಳು ಸಾಲಿನ ತಿದ್ದುಪಡಿ.

ಕಳಿಸಿದವಳು ನೈದಾ ಕಾಯೋ, ಒರುರೊದ ಟೀಚರು.
ಬೊಲಿವಿಯಾದ ಆ ಎತ್ತರದಲ್ಲಿ
ನೀರು ಬೇಗ ಕುದಿಯುತ್ತದೆ, ಕಾಳು ಮಾತ್ರ ಬೇಯುವುದಿಲ್ಲವಂತೆ.
ದಾನಕ್ಕೆ ಬಂದ ಲ್ಯಾಪ್‌ಟಾಪು ಮೂವತ್ತೆಂಟು ಅವಳ ಶಾಲೆಯಲ್ಲಿ.
ಮುಚ್ಚಳ ತೆರೆದರೂ ವೈಫೈ ಏಳಲು ತಡ,
ಅಷ್ಟರಲ್ಲಿ ಹಿಂದಿನ ಬೆಂಚು ಮುಂದಿನ ಜಡೆಗೆ ಕೈ ಹಾಕಿರುತ್ತದೆ.
ಹಾಗೆಂದೇ ಬರೆದಿದ್ದಾಳೆ, ಕಾರಣ ಬರೆಯುವ ಜಾಗದಲ್ಲಿ.
ಇಂಥ ಕಾರಣ ಇಷ್ಟು ವರ್ಷದಲ್ಲಿ ನಾನು ಓದಿದ್ದಿಲ್ಲ.

ಮೈನಸ್ ಗುರುತಿನ ಹಿಂದೆ, ಕೆಂಪಾಗಿ,
ಅವಳು ಅಳಿಸಹೊರಟ ಸಾಲು:
ಎರಡು ಸಾವಿರ ಮಿಲಿಸೆಕೆಂಡು ಮಲಗು.
ಅದರ ನೆತ್ತಿಯ ಮೇಲೆ ಹೆನ್ನೊನ ಟಿಪ್ಪಣಿ:
‘ಯಾಕೆಂದು ಗೊತ್ತಿಲ್ಲ. ಇದಿಲ್ಲದೆ ಏಳುವುದಿಲ್ಲ. ಮುಟ್ಟಬೇಡಿ.’

ಹೆನ್ನೊ ಹೋಗಿ ಆರು ಚಳಿಗಾಲ.
ಗಾಳ, ಕೊಡೆ, ದೋಣಿ ತಂಗಿಯ ಪಾಲಿಗೆ,
ಈ ಡ್ರೈವರು ನನ್ನ ಕೊರಳಿಗೆ.
ಎಷ್ಟು ಸಲ ನಡೆದಿದ್ದೇನೆ ಆ ಸಾಲಿನ ಪಕ್ಕ,
ಹುತ್ತದ ಪಕ್ಕ ನಡೆದ ಹಾಗೆ, ಕೈ ಹಾಕದೆ.
ತಾಳಿದವನು ಬಾಳಿಯಾನು, ಸರಿ.
ಎಷ್ಟು ತಾಳಬೇಕು ಅಂತ ಯಾರೂ ಬರೆದಿಟ್ಟಿಲ್ಲ.

ಮೊದಲು ಸಣ್ಣ ಪುಟ್ಟದ್ದು ಹೇಳಿದೆ:
ನಾಲ್ಕನೆಯ ಸಾಲಿನ ಬಾಲಕ್ಕೆ ಒಂದು ಖಾಲಿ ಜಾಗ ಅಂಟಿದೆ.
ಕೆಲಸ ಕೆಟ್ಟಾಗ ಹಿಂದಿರುಗುವ ದಾರಿಯಲ್ಲಿ
ಹಾಕಿದ ಬೀಗ ತೆಗೆಯಲು ಮರೆತಿದ್ದೀರಿ.
ಆಮೇಲೆ: ನಿಮ್ಮಲ್ಲಿ ನಡೆಯುತ್ತದೆ ಅಂದಿರಿ, ಎಷ್ಟು ಸಲ ನೋಡಿದಿರಿ?
ಮೂವತ್ತೆಂಟು ಯಂತ್ರ, ತಲಾ ಎರಡು ಸಲ, ಅಂದಳು.

ಅಟ್ಟದಿಂದ ಹೆನ್ನೊನ ಲ್ಯಾಪ್‌ಟಾಪು ಇಳಿಸಿದೆ.
‘ಓ’ ಕೀಲಿಯ ಟೊಪ್ಪಿ ಬಿದ್ದುಹೋಗಿದೆ;
ಅಂಚಿನಲ್ಲಿ ರೇಡಿಯೋ ಆರಿಸುವ ಸ್ವಿಚ್ಚು, ಉಗುರಿನಷ್ಟು.
ಕೆಂಪು ಸಾಲು ಕಿತ್ತು, ಮುಚ್ಚಿದೆ, ತೆರೆದೆ.
ಎದ್ದಿತು.
ಮುಚ್ಚಿದೆ, ತೆರೆದೆ. ಎದ್ದಿತು.
ಹದಿನಾರರ ತನಕ ನೈದಾಳದೇ ಗೆಲುವು.
ಹದಿನೇಳಕ್ಕೆ ನೀಲಿ ದೀಪ ಬರಲಿಲ್ಲ.
ಒಲೆಯೊಳಗೆ ಕೊರಡು ಕುಸಿಯಿತು. ಬರಲಿಲ್ಲ.

ಹೆನ್ನೊ ಸುಳ್ಳು ಬರೆದಿರಲಿಲ್ಲ.
ನಡುರಾತ್ರಿ ಒಂದು ಖುಷಿ,
ನೈದಾಳಿಗೆ ಬರೆಯುವಂಥದಲ್ಲ.
ಬರೀ ಅಂಕಿ ಬರೆದೆ: ಹದಿನೇಳರಲ್ಲಿ ಒಂದು.

ಬೆಳಗಿನ ಜಾವ ಅವಳ ಉತ್ತರ.
‘ಮಗ ಎದ್ದನೋ ಇಲ್ಲವೋ ಅಂತ ಬಾಗಿಲ ಹೊರಗೆ ನಿಂತು ನಾನು ಎಣಿಸುವುದಿಲ್ಲ,
ಎದ್ದೆಯಾ ಅಂತ ಕೂಗುತ್ತೇನೆ.
ಚಿಪ್ಪನ್ನು ಹಾಗೆ ಕೇಳಲು ಬರುವುದಿಲ್ಲವೇ?’

ಬರುತ್ತದೆ. ಕೈಪಿಡಿಯ ಇನ್ನೂರ ಆರನೆಯ ಪುಟ,
ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ:
ಎಚ್ಚರವಾದರೆ ಒಂದು, ಇಲ್ಲದಿದ್ದರೆ ಸೊನ್ನೆ.
ಹೆನ್ನೊನ ಕಾಲಕ್ಕೆ ಆ ಕೈಪಿಡಿಯನ್ನು ಕಂಪನಿ ಯಾರಿಗೂ ಕೊಡುತ್ತಿರಲಿಲ್ಲ.
ಬಾಗಿಲು ಎಲ್ಲಿದೆಯೆಂದೇ ತಿಳಿಯದೆ
ಅವನು ಹೊರಗೆ ನಿಂತು ಎಣಿಸಿದ್ದ.
ನನ್ನ ಕಪಾಟಿನಲ್ಲಿ ಮಾತ್ರ ಅದು ಮೂರು ವರ್ಷದಿಂದ ಇದೆ.

ಎರಡನೆಯ ಆವೃತ್ತಿ, ಹದಿಮೂರು ಸಾಲು.
ಹತ್ತು ಮಿಲಿಸೆಕೆಂಡಿಗೊಮ್ಮೆ ಕೇಳು. ಎದ್ದಿದ್ದರೆ ಹೊರಡು.
ಎರಡು ಸೆಕೆಂಡಾದರೂ ಸದ್ದಿಲ್ಲದಿದ್ದರೆ
ಸೋತೆ ಅನ್ನು, ಬೀಗ ತೆಗೆ, ಹೊರಗೆ ಬಾ.
ನೂರು ಸಲ ಮುಚ್ಚಿ ತೆರೆದೆ, ಬೆರಳು ಮರಗಟ್ಟಿತು.
ಸಾಮಾನ್ಯಕ್ಕೆ ಎಂಬತ್ತು ಸಾಕು ಅದಕ್ಕೆ,
ಎಲ್ಲೋ ಒಮ್ಮೆ ಸಾವಿರದ ಒಂಬೈನೂರು.
ಹೆನ್ನೊ, ಎಷ್ಟು ಹತ್ತಿರ ಎಣಿಸಿದ್ದೆ ಮಾರಾಯ.

‘ಮುಟ್ಟಬೇಡಿ’ಗೂ ಈಗ ಮೈನಸ್ಸು.
ಪರಿಶೀಲಿಸಿದವರು: ತೀಯು ರಾನ್ನಿಕ್.
ಪರೀಕ್ಷಿಸಿದವರು: ಅವಳೇ.
ಕಳಿಸಿ, ಚಹಾಕ್ಕೆ ನೀರಿಟ್ಟು ಬಂದೆ.
ಹಳೆಯ ಯಂತ್ರ ಎದ್ದು ಕೂತಿತ್ತು,
‘ಹೆನ್ನೊ ಸೌನಾ’ ಅನ್ನುವ ಜಾಲವನ್ನು ಎರಡು ಸಲ ಕರೆಯಿತು,
ಆಮೇಲೆ ನನ್ನದರ ಪಾಸ್‌ವರ್ಡು ಕೇಳಿತು.
ಅದರಲ್ಲೊಂದು ‘ಓ’ ಇದೆ.
ಟೊಪ್ಪಿ ಬಿದ್ದ ಗುಂಡಿಗೆ ಉಗುರು ಹಾಕಿ ಒತ್ತಿದೆ.