ಒಂದಕ್ಕೆ ಮುನ್ನೂರು

ಬೆಂಗ್ರೆಯ ದೋಣಿ ಶೆಡ್ಡಿನಲ್ಲಿ ಏಳೂವರೆ ಅಡಿ ಉದ್ದ,
ಯಾವ ನೀರಿಗೂ ಇಳಿಯದ ಹಡಗು.
ಬೆನ್ನೆಲುಬು ಪಿವಿಸಿ ಪೈಪು, ಚರ್ಮ ಮಿಕ್ಕ ಫೈಬರು,
ಹೊಟ್ಟೆಯಡಿ ಸತ್ತ ಮಿಕ್ಸಿಯ ಕರುಳು,
ಬಂದರಿನ ಗುಜರಿಯ ಟೈಪ್‌ರೈಟರಿನ ಅಚ್ಚುಮೊಳೆಗಳು.
ಬೂದಿ ಬಣ್ಣ ಬಳಿದರೆ ಎಲ್ಲವೂ ಯಂತ್ರವೇ.
ಹತ್ತಿರ ಹೋದರೆ ಮಾತ್ರ
ಎಡಗಡೆಯ ಇಂಧನ ತೊಟ್ಟಿಯ ಮೇಲೆ
ಮಗುಚಿದ ‘ಳ’ ಒಂದು ಉಬ್ಬಿ ನಿಂತಿದೆ.

ತಾಂಡೇಲ ಲೋಕಯ್ಯಣ್ಣ ಬಂದರು.
ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು,
‘ಸೋರುವುದಿಲ್ಲ’ ಎಂದರು.
‘ಎಷ್ಟು ಜನ ಹಿಡಿಸ್ತದೆ ಮಾರಾಯ?’
ಒಂದಕ್ಕೆ ಮುನ್ನೂರರ ಲೆಕ್ಕ, ಹೇಳಿದೆ,
ಮನುಷ್ಯನೆಂದರೆ ಇದರಲ್ಲಿ ಒಂದು ಕುಚ್ಚಲಕ್ಕಿ ಕಾಳು.
ಅವರು ನಗಲಿಲ್ಲ.
ತಮ್ಮನ ದೋಣಿಯನ್ನು ಕೊನೆಯ ಸಲ
ದಡದಿಂದ ನೋಡಿದವರು.

ರಾತ್ರಿ ಚಿಮಟದಲ್ಲಿ ಹಿಡಿದು
ಕಪ್ತಾನನನ್ನು ಕಿಟಕಿಗೆ ನಿಲ್ಲಿಸಿದೆ:
ಕೆಂಪು ಗೆರೆಯ ಒಂದು ಅಕ್ಕಿ,
ಬೆನ್ನ ಹಿಂದೆ ಹಳದಿ ದೀಪ.
ಅಂಟು ಹಾಕಲು ಮರೆತೆ.

ಬೆಳಿಗ್ಗೆ ಕಿಟಕಿ ಖಾಲಿ.
ಇಂಜಿನಿನ ತೂತಿನಿಂದ ಹೊರಬಿದ್ದು
ಅಚ್ಚುಮೊಳೆಗಳ ಸಂದಿಯಲ್ಲಿ
ಓಲಾಡುತ್ತ ಹೊರಟಿದ್ದ ನಮ್ಮ ಕಪ್ತಾನ,
ಒಂದೇ ಇರುವೆಯ ತಲೆಯ ಮೇಲೆ.
ಲೆಕ್ಕ ಹಾಕಿದೆ:
ಅವನ ಅಳತೆಗೆ ಅದು ಕರುವಿನಷ್ಟು.

ತಡೆಯಲಿಲ್ಲ.
ಅಡುಗೆಮನೆಗೆ ಹೋಗಿ ಡಬ್ಬಿ ತೆರೆದೆ.
ಈ ಸಲ ಇಬ್ಬರು.