ಕಲಂ ಹನ್ನೊಂದು

ಐವತ್ತು ಪದ ಮೀರದಂತೆ
ಹಾನಿ ಆದ ಬಗೆಯನ್ನು ವಿವರಿಸಿ,
ಎನ್ನುತ್ತದೆ ಕಲಂ ಹನ್ನೊಂದು.
ಕೊಟ್ಟಿರುವ ಜಾಗ ಮೂರೇ ಗೆರೆ.

ಮಿಕ್ಕಿದ್ದು ಸಲೀಸು.
ವಸ್ತು: ಶ್ರವಣಯಂತ್ರ, ಎಡಗಿವಿಯದು.
ಬೆಲೆ: ಮೂವತ್ತೆಂಟು ಸಾವಿರದ ಐನೂರು,
ದುರ್ಗಿಗುಡಿಯ ಅಂಗಡಿ, ಆಷಾಢದ ರಿಯಾಯಿತಿ ಕಳೆದು.
ವಯಸ್ಸು: ಏಳು ತಿಂಗಳು.
ಯಂತ್ರದ್ದು. ಕಿವಿಗೆ ಎಪ್ಪತ್ತೊಂದು.
ರಸೀದಿ ಇದೆ, ಬಿಸ್ಕತ್ತಿನ ಡಬ್ಬದಲ್ಲಿತ್ತು;
ಅಂಟಿಕೊಂಡು ಸತ್ತ ಎರಡು ಇರುವೆ
ಜೆರಾಕ್ಸಿನಲ್ಲೂ ಬಂದಿವೆ, ಅಲ್ಪವಿರಾಮದ ಹಾಗೆ.

ಮೂವತ್ತನಾಲ್ಕು ವರ್ಷ ಶಿವಮೊಗ್ಗದ ಡಿಪೋದಲ್ಲಿ
ಬಸ್ಸಿನ ಎದೆಗೆ ಕಿವಿಯಿಟ್ಟು
"ನಾಲ್ಕನೇದು ಕೆಮ್ತಾ ಇದೆ, ಬಿಚ್ರೋ" ಅನ್ನುತ್ತಿದ್ದ ಅಪ್ಪ.
ಹುಲಿಕಲ್ ಘಾಟಿ ಹತ್ತಿ ಬಂದ ಗಾಡಿಗಳು
ಆ ಕಿವಿಯನ್ನೇ ಚೂರುಚೂರು ತಿಂದುಕೊಂಡು ಹೋದವು.
ಅದಕ್ಕೆ ಯಾವ ಫಾರಮ್ಮಿನಲ್ಲೂ ಕಲಂ ಇರಲಿಲ್ಲ.

ಯಂತ್ರ ಬಂದ ವಾರ ಅವನಿಗೆ ಹಬ್ಬ.
ಒಗ್ಗರಣೆ ಚಟಪಟ, ಗೇಟಿನ ಚಿಲಕ,
ಪಕ್ಕದ ಮನೆ ಶಫೀಉಲ್ಲಾರ ಪಂಜರದ ಹಕ್ಕಿ,
ನನ್ನ ಮಗಳು ಮಗ್ಗಿಯಲ್ಲಿ ತಪ್ಪುವುದು
ಎಲ್ಲ ಕೂತಲ್ಲೇ ಕೇಳಿಸಿಕೊಂಡು ತಿದ್ದಿದ.
ಮುಂದಿನ ವಾರ
ಅಮ್ಮ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಆಡುವುದೂ ಕೇಳಿಸಿತು.

ಹದಿನೈದು ವರ್ಷದಿಂದ ಅವಳು
ಕೇಳದವನ ಬೆನ್ನಿಗೆ ಧೈರ್ಯವಾಗಿ ಬೈದು
ಬೈದು ಹಗುರಾಗಿ
ಅದೇ ಕೈಯಲ್ಲಿ ಕಾಫಿ ತಂದುಕೊಡುತ್ತಿದ್ದಳು.
"ಏನಂದೆ?" ಅಂದ ಅಪ್ಪ, ಒಂದು ಬೆಳಿಗ್ಗೆ, ತಿರುಗಿ.
ಅಷ್ಟೆ.
ಆಮೇಲೆ ನಮ್ಮ ಮನೆಯಲ್ಲಿ
ಪಾತ್ರೆಗಳು ಮಾತ್ರ ಮಾತಾಡಿದವು.

ಬುಧವಾರ, ರಿಟೈರಾದರೂ ಬಿಡದ ಖಾಕಿ ಅಂಗಿ,
ಅದರ ಜೇಬು, ವಾಷಿಂಗ್ ಮಷೀನು, ನಲವತ್ತೆಂಟು ನಿಮಿಷ.
ಒಳಗೆ ಏನೋ ಟಕ್ ಟಕ್ ಅನ್ನುತ್ತಿತ್ತು.
ಗುಂಡಿ ಇರಬೇಕು ಅಂದುಕೊಂಡೆ ನಾನು.
ಮಷೀನಿನ ಪಕ್ಕದಲ್ಲೇ ಕೂತಿದ್ದ ಅಪ್ಪ,
ಡ್ರಮ್ಮಿನ ಮೇಲೆ ಅಂಗೈ ಊರಿಕೊಂಡು.

ಸರ್ವೇಯರ್ ಬಂದ, ಭದ್ರಾವತಿಯ ಹುಡುಗ, ಧನ್ಯಕುಮಾರ.
ಅಕ್ಕಿಯಲ್ಲಿ ಹೂತಿಟ್ಟದ್ದನ್ನು ಅಗೆದು ತೆಗೆದು
ನಾಲ್ಕು ಕಡೆಯಿಂದ ಫೋಟೋ ಹೊಡೆದ.
"ಜೇಬು ನೋಡದೆ ಹಾಕಿದ್ದು ಯಾರು?"
ಕೇಳಿದ್ದು ಮೆಲ್ಲಗೇ, ನನ್ನ ಕಡೆ ನೋಡಿಕೊಂಡು.

"ನಾನೇ" ಅಂದಳು ಅಮ್ಮ.
"ನಾನೇ" ಅಂದ ಅಪ್ಪ.
ಒಟ್ಟಿಗೇ.

ಹುಡುಗ ಪೆನ್ನಿನ ತುದಿ ಕಚ್ಚಿ
ಇಬ್ಬರನ್ನೂ ನೋಡಿ, ಚಕ್ಕುಲಿ ತಿಂದು,
ಶುಕ್ರವಾರದೊಳಗೆ ತುಂಬಿ ಕೊಡಿ ಅಂತ
ಈ ಫಾರಮ್ಮು ಕೊಟ್ಟು ಬೈಕ್ ಹತ್ತಿದ.

ಈಗ ರಾತ್ರಿ ಎಂಟು.
'ಬಟ್ಟೆ ಒಗೆಯುವಾಗ ಅಂಗಿಯ ಜೇಬಿನಲ್ಲಿದ್ದ ಯಂತ್ರ
ಗಮನಕ್ಕೆ ಬಾರದೆ ನೀರಿಗೆ ಬಿತ್ತು.'
ಬರೆದೆ. ಎಣಿಸಿದೆ. ಒಂಬತ್ತು ಪದ.
ಉಳಿದ ನಲವತ್ತೊಂದನ್ನೂ, ಅದರ ಮೇಲೆ ಸಾಲ ತಂದದ್ದನ್ನೂ
ಅಡುಗೆಮನೆಯಲ್ಲಿ ಅಮ್ಮ ಖರ್ಚು ಮಾಡುತ್ತಿದ್ದಾಳೆ:
ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದ ಮಹಾನುಭಾವ,
ಅವರಮ್ಮ, ಅವರ ಡಿಪೋ, ಎಂಬತ್ತಾರರಲ್ಲಿ ತರದೇ ಇದ್ದ ಸೀರೆ.

ಅದರ ಕೆಳಗೆ ಎರಡು ಚೌಕ:
ಆಕಸ್ಮಿಕ. ಉದ್ದೇಶಪೂರ್ವಕ.
ಒಂದಕ್ಕೆ ಗುರುತು ಹಾಕಬೇಕು,
ಕೆಳಗೆ ಮೇಲ್ಕಂಡದ್ದೆಲ್ಲ ಸತ್ಯವೆಂದು ರುಜು.

ಅಪ್ಪ ಪೇಪರು ಹಿಡಿದು ಕೂತಿದ್ದಾನೆ,
ಕುರ್ಚಿ ಅಡುಗೆಮನೆ ಬಾಗಿಲಿಗೆ
ಒಂದು ಗೇಣು ಹತ್ತಿರ ಬಂದಿದೆ.

ಸೀರೆಯ ಹತ್ತಿರ ಅಮ್ಮ ಒಮ್ಮೆ ನಿಂತಳು, ಉಸಿರಿಗೆ.
ಪೇಪರಿನಿಂದ ತಲೆಯೆತ್ತಿದ.